ನಾಯಿಗಳ ಸುಡುಗಾಡಿಗೂ ಟಿಕೆಟ್ ಇದೆ, ಆದರೂ ಹೋಗಿ

ಸೋಮವಾರ ಮಾತ್ರ ಹೋಗಬೇಡಿ. ನಾನು ಸೋಮವಾರವೇ ಹೋಗಿ, ಬೀಗ ಹಾಕಿದ ಗೇಟನ್ನು ನೋಡಿ ವಾಪಸ್ ಬಂದವನು. ಮರುದಿನ ಮತ್ತೆ ಹೋದೆ.

ಆಫೀಸಿನ ಕೆಲಸಕ್ಕೆ ಪ್ಯಾರಿಸ್‌ಗೆ ಹೋಗಿದ್ದೆ, ಬಿಡುವು ಸಿಕ್ಕಿದ್ದು ಎರಡೇ ದಿನ. ಜೊತೆಯವರೆಲ್ಲ ಐಫೆಲ್ ಗೋಪುರದ ಕಡೆ ಹೊರಟರೆ ನಾನು ಆನ್ಯೇರ್ ಎಂಬ ಪಕ್ಕದ ಊರಿನ ನಾಯಿ ಸ್ಮಶಾನ ಹುಡುಕಿಕೊಂಡು ಹೊರಟೆ. ಬಳ್ಳಾರಿಯಿಂದ ಅಮ್ಮ ಫೋನಿನಲ್ಲಿ ಒಂದೇ ಮಾತು ಕೇಳಿದರು: "ಅಲ್ಲೋ, ಅಷ್ಟು ದುಡ್ಡು ಸುರಿದು ಹೋಗಿ ಸುಡುಗಾಡು ನೋಡ್ತೀಯೇನು?"

ದಾರಿ ಸುಲಭ. ಮೆಟ್ರೊ 13ನೇ ಲೈನಿನಲ್ಲಿ ಮೇರಿ ದ ಕ್ಲಿಶಿ ಸ್ಟೇಷನ್‌ನಲ್ಲಿ ಇಳಿದು, ಸೇನ್ ನದಿಯ ಸೇತುವೆ ದಾಟಿದರೆ ಆಯಿತು. ಬಾಗಿಲೇ ಒಂದು ಅರಮನೆಯ ಬಾಗಿಲಿನ ಹಾಗಿದೆ. ಒಳಗೆ ಹೋಗಲು ಮೂರ್ನಾಲ್ಕು ಯುರೋ ಟಿಕೆಟ್. ಸ್ಮಶಾನಕ್ಕೂ ಟಿಕೆಟ್ಟಾ ಎಂದು ಮೊದಲು ಸ್ವಲ್ಪ ಉರಿಯಿತು, ಸುಳ್ಳು ಹೇಳಲ್ಲ.

ಇದು 1899ರಲ್ಲಿ ಶುರುವಾದ ಜಾಗ. ಅಲ್ಲಿಯವರೆಗೆ ಸತ್ತ ನಾಯಿ ಬೆಕ್ಕುಗಳನ್ನು ಜನ ಕಸದ ಜೊತೆ ಎಸೆಯುತ್ತಿದ್ದರು, ಇಲ್ಲವೇ ಸೀದಾ ನದಿಗೆ ಬಿಡುತ್ತಿದ್ದರು. 1898ರಲ್ಲಿ ಅದಕ್ಕೊಂದು ಕಾನೂನು ಬಂತು, ಸತ್ತ ಪ್ರಾಣಿಯನ್ನು ಮನೆಗಳಿಂದ ದೂರ ಹೂಳಬೇಕು ಅಂತ. ಮರುವರ್ಷವೇ ಜಾರ್ಜ್ ಅರ್ಮ್ವಾ ಎಂಬ ವಕೀಲರೂ ಪತ್ರಕರ್ತೆ ಮಾರ್ಗರೀತ್ ದ್ಯುರಾಂ ಅವರೂ ಸೇರಿ ಇದನ್ನು ಕಟ್ಟಿದರು. ಹೆಂಗಸರೇ ನಡೆಸುವ ದಿನಪತ್ರಿಕೆ ಮಾಡಿ ತೋರಿಸಿದ ಗಟ್ಟಿ ಹೆಣ್ಣು ಈ ದ್ಯುರಾಂ. ಆಕೆ ಒಂದು ಸಿಂಹ ಸಾಕಿದ್ದರು, ಅದಕ್ಕೆ ಇಟ್ಟ ಹೆಸರು ಹುಲಿ!

ಒಳಗೆ ನಾಯಿ, ಬೆಕ್ಕು, ಕುದುರೆ, ಕೋತಿ ಎಲ್ಲಕ್ಕೂ ಗೋರಿ. ಕೆಲವು ಗೋರಿಗಳು ನಮ್ಮ ಓಣಿಯ ಗುಡಿಗಿಂತ ದೊಡ್ಡದಾಗಿವೆ, ಅವನ್ನು ನೋಡಿದರೆ ದುಃಖಕ್ಕಿಂತ ದುಡ್ಡೇ ಜಾಸ್ತಿ ಕಾಣುತ್ತದೆ. ಎಲ್ಲರೂ ಮೊದಲು ಹುಡುಕುವುದು ರಿನ್ ಟಿನ್ ಟಿನ್ ಗೋರಿಯನ್ನು. 1918ರಲ್ಲಿ ಯುದ್ಧದ ಮಧ್ಯೆ ಅಮೆರಿಕದ ಸೈನಿಕನಿಗೆ ಫ್ರಾನ್ಸ್‌ನಲ್ಲಿ ಸಿಕ್ಕ ಮರಿ ಅದು. ಆಮೇಲೆ ಹಾಲಿವುಡ್ ಸ್ಟಾರ್ ಆಗಿ, 1932ರಲ್ಲಿ ಅಲ್ಲೇ ಸತ್ತು, ಕೊನೆಗೆ ಹುಟ್ಟಿದ ದೇಶಕ್ಕೆ ಬಂದು ಮಲಗಿದೆ. ಗೋರಿ ಬಹಳ ಸರಳ, ಗಮನ ಕೊಡದಿದ್ದರೆ ದಾಟಿ ಹೋಗಿಬಿಡುತ್ತೀರಿ.

ಬಾಗಿಲ ಹತ್ತಿರ ಮಗುವನ್ನು ಬೆನ್ನ ಮೇಲೆ ಹೊತ್ತ ಬ್ಯಾರಿ ಎಂಬ ನಾಯಿಯ ದೊಡ್ಡ ಸ್ಮಾರಕವಿದೆ. ಆಲ್ಪ್ಸ್ ಬೆಟ್ಟಗಳ ಹಿಮದಲ್ಲಿ ಸಿಕ್ಕಿಕೊಂಡವರನ್ನು ಕಾಪಾಡುತ್ತಿದ್ದ ನಾಯಿ ಅದು. 40 ಜನರ ಜೀವ ಉಳಿಸಿತು, 41ನೆಯವನು ಅದನ್ನೇ ಕೊಂದ ಎಂದು ಬರೆದಿದ್ದಾರೆ. ಓದಿ ಗಂಟಲು ಕಟ್ಟಿತು. ರಾತ್ರಿ ರೂಮಿಗೆ ಬಂದು ಓದಿದರೆ, ಆ ಕೊನೆಯ ಮಾತು ಬರೀ ಕಟ್ಟುಕಥೆ! ಬ್ಯಾರಿ ಸತ್ತದ್ದು 1814ರಲ್ಲಿ, ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ, ವಯಸ್ಸಾಗಿ. ಅದನ್ನು ಅಲ್ಲಿನ ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ. ಇಷ್ಟು ಚಂದದ ಜಾಗದಲ್ಲಿ ಸುಳ್ಳು ಬೇಕಿತ್ತಾ?

ನಾನು ಜಾಸ್ತಿ ಹೊತ್ತು ನಿಂತದ್ದು ಮಾತ್ರ ಬೇರೆ ಕಡೆ. 1958ರ ಮೇ 15ರಂದು ಒಂದು ಬೀದಿನಾಯಿ ಇದೇ ಗೇಟಿನ ಹತ್ತಿರ ಬಂದು ಸತ್ತಿತಂತೆ. ಯಾರ ನಾಯಿಯೂ ಅಲ್ಲ. ಇಲ್ಲಿ ಹೂತ 40,000ನೇ ಪ್ರಾಣಿ ಅದು ಎಂದು ಲೆಕ್ಕ ಹಾಕಿ ಅದಕ್ಕೂ ಕಲ್ಲು ನಿಲ್ಲಿಸಿದ್ದಾರೆ. ಅಲ್ಲಿ ನಮ್ಮ ನಾಯಿ ಕರಿಯ ನೆನಪಾದ. ಕೌಲ್ ಬಜಾರಿನ ಮನೆಯಲ್ಲಿ ಹನ್ನೊಂದು ವರ್ಷ ಇದ್ದ. ಸತ್ತ ದಿನ ನಾನು ಫೋನ್ ಮಾಡಿದ ಕಡೆಯೆಲ್ಲ "ಕಸದ ಗಾಡಿ ಬರುತ್ತೆ, ಕೊಟ್ಟುಬಿಡಿ" ಎಂದರು. ನಮ್ಮ ಮನೆಗೆ ಹಿತ್ತಲಿಲ್ಲ. ಕೊನೆಗೆ ಮಾವ ಬೈಕಿನಲ್ಲಿ ಗೋಣಿಚೀಲ ಇಟ್ಟುಕೊಂಡು ಸಿರುಗುಪ್ಪ ರಸ್ತೆಯ ಹೊಲಕ್ಕೆ ಒಯ್ದು ಬದುವಿನ ಹತ್ತಿರ ಹೂತರು. ಮುಂದಿನ ವರ್ಷ ಟ್ರ್ಯಾಕ್ಟರ್ ಬಂತು, ಬದು ಸರಿಯಿತು, ಮೆಣಸಿನಕಾಯಿ ಹಾಕಿದರು. ಈಗ ಆ ಜಾಗ ಇಂಥದ್ದೇ ಎಂದು ತೋರಿಸೋಕಾಗಲ್ಲ.

ನಾಯಿಗೆ ಕಲ್ಲು ನಿಲ್ಲಿಸೋದು ನಮಗೇನು ಹೊಸದಲ್ಲ. ಮಂಡ್ಯದ ಆತಕೂರಿನಲ್ಲಿ, ಹತ್ತನೇ ಶತಮಾನದಲ್ಲೇ, ಹಂದಿಯ ಜೊತೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೆ ಗಂಗ ರಾಜನ ಯೋಧ ಮಣಲೆರ ಕಲ್ಲು ನಿಲ್ಲಿಸಿದ್ದಾನೆ. ಅದೀಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆ, ಸುಮ್ನೆ ಒಮ್ಮೆ ನೋಡಿ ಬನ್ನಿ.

ದೂರು ಏನೆಂದರೆ, ಗೋರಿಗಳ ಮೇಲಿನ ಬರಹವೆಲ್ಲ ಫ್ರೆಂಚಿನಲ್ಲಿದೆ, ಮೊಬೈಲ್ ಹಿಡಿದು ಅನುವಾದ ಮಾಡಿಕೊಳ್ಳುತ್ತಾ ನಡೆಯಬೇಕು. ಎರಡು ತಾಸಾದರೂ ಬೇಕು. ಐದಕ್ಕೆ ನಾಲ್ಕು ಕೊಡುತ್ತೇನೆ, ಒಂದನ್ನು ಬ್ಯಾರಿಯ ಕಥೆಗಾಗಿ ಕಳೆದೆ.

ಊರಿಗೆ ಬಂದ ಮೇಲೆ ಫೋಟೋ ತೋರಿಸಿದೆ. ಅಮ್ಮ ಆ ಬೀದಿನಾಯಿಯ ಕಲ್ಲಿನ ಫೋಟೋ ದೊಡ್ಡದು ಮಾಡಿ ಮಾಡಿ ನೋಡಿದರು. "ಹೆಸರು ಏನಂತ ಬರೆದಾರೆ?" ಎಂದರು. ಹೆಸರಿಲ್ಲ ಅಮ್ಮ ಎಂದೆ. ಮಾವ ಅಲ್ಲೇ ಕುಳಿತಿದ್ದರು, ಏನೂ ಮಾತಾಡಲಿಲ್ಲ. ಭಾನುವಾರ ಹೊಲಕ್ಕೆ ಹೋಗುವಾಗ ನನ್ನನ್ನೂ ಕರೆದುಕೊಂಡು ಹೋಗಿ, ಮೆಣಸಿನ ಗಿಡದ ಸಾಲುಗಳ ನಡುವೆ ಅತ್ತ ಇತ್ತ ನಡೆದು, "ಇಲ್ಲೇ ಇರಬೇಕು ನೋಡು" ಎಂದರು. ಆಮೇಲೆ ಹತ್ತು ಹೆಜ್ಜೆ ಮುಂದೆ ಹೋಗಿ, "ಇಲ್ಲ, ಇಲ್ಲಿ" ಎಂದರು.