ಹಳೆ ಎಸ್ಟೀಮ್‌ಗೆ 10ಡಬ್ಲ್ಯು-40 ಆಯಿಲ್: ದಾವಣಗೆರೆ ಬಿಸಿಲಲ್ಲಿ ಹಲವು ವರ್ಷದ ಬಳಕೆ

ನಮ್ಮದು 2006ರ ಮಾರುತಿ ಎಸ್ಟೀಮ್, ಪೆಟ್ರೋಲ್, 1298 ಸಿಸಿ ಇಂಜಿನ್. ಅಪ್ಪಾಜಿ ಹೊಸದಾಗಿ ಕೊಂಡ ಗಾಡಿ, ಈಗ ನಾನು ಓಡಿಸುತ್ತೇನೆ. 2021ರಲ್ಲಿ ಹದಿನೈದು ವರ್ಷ ತುಂಬಿ, ಆರ್‌ಸಿ ಮತ್ತೆ ಐದು ವರ್ಷಕ್ಕೆ ರಿನ್ಯೂ ಆಯಿತು. ಆಗಿನಿಂದ ಇದಕ್ಕೆ ಸೆಮಿ ಸಿಂಥೆಟಿಕ್ (ಮಾಮೂಲಿ ಮಿನರಲ್ ಆಯಿಲ್‌ಗೆ ಸಿಂಥೆಟಿಕ್ ಬೆರೆಸಿದ) 10ಡಬ್ಲ್ಯು-40 ಇಂಜಿನ್ ಆಯಿಲ್ ಹಾಕಿಸುತ್ತಿದ್ದೇನೆ. ಅದಕ್ಕೂ ಮೊದಲು ವರ್ಷಗಟ್ಟಲೆ ಇನ್ನೂ ದಪ್ಪನೆಯ 20ಡಬ್ಲ್ಯು-50 ಕುಡಿದ ಇಂಜಿನ್ ಇದು. ಎರಡರಲ್ಲೂ ಬೇಕಾದಷ್ಟು ಓಡಿಸಿದ್ದೇನೆ.

ಯಾವ ಕಂಪನಿ ಆಯಿಲ್ ಅಂತ ಹೇಳುವುದಿಲ್ಲ, ಬೇಕಂತಲೇ. ಸರ್ವೋ, ಮ್ಯಾಕ್, ಎಚ್‌ಪಿ, ಕ್ಯಾಸ್ಟ್ರಾಲ್, ಶೆಲ್, ಗಲ್ಫ್ ಎಲ್ಲವೂ ಪಿ.ಬಿ. ರಸ್ತೆಯ ಅಂಗಡಿಗಳಲ್ಲಿ ಸಿಗುತ್ತವೆ. ನಾನೂ ಒಂದಕ್ಕೇ ಅಂಟಿಕೊಂಡಿಲ್ಲ. ಗ್ರೇಡ್ (10ಡಬ್ಲ್ಯು-40 ಅನ್ನುವ ದಪ್ಪದ ನಂಬರ್) ಒಂದೇ, ಎಪಿಐ ದರ್ಜೆ (ಡಬ್ಬದ ಮೇಲಿನ ಗುಣಮಟ್ಟದ ಗುರುತು) ಒಂದೇ ಆದರೆ ಓಡಿಸುವವನಿಗೆ ಕಂಪನಿಗಳ ವ್ಯತ್ಯಾಸ ಗೊತ್ತಾಗುವುದು ಕಷ್ಟ. ಹಾಗಾಗಿ ಇದು ಗ್ರೇಡ್‌ನ ವಿಮರ್ಶೆ ಅಂದುಕೊಳ್ಳಿ.

ನಮ್ಮೂರಿನ ಯಾವ ಗ್ಯಾರೇಜಿಗೆ ಹೋದರೂ ಒಂದೇ ಮಾತು. "ಹಳೇ ಗಾಡಿ ಅಲ್ಲೇನ್ರಿ ಸಾರ್, ದಪ್ಪನೆ ಆಯಿಲ್ ಹಾಕ್ರಿ. ತೆಳ್ಳನೆದು ನಿಲ್ಲಂಗಿಲ್ಲ." ಈ ಮಾತಿನಲ್ಲಿ ಅರ್ಧ ಸತ್ಯ ಇದೆ. ಇಂಜಿನ್ ಸವೆದಷ್ಟೂ ಬೇರಿಂಗ್‌ಗಳ ಸಂದಿ ದೊಡ್ಡದಾಗುತ್ತದೆ. ಅಲ್ಲಿಂದ ಆಯಿಲ್ ಬೇಗ ಜಾರಿ ಹೋಗುತ್ತದೆ, ಪ್ರೆಶರ್ ಇಳಿಯುತ್ತದೆ. ದಪ್ಪ ಆಯಿಲ್ ಅಷ್ಟು ಬೇಗ ಜಾರುವುದಿಲ್ಲ. ಸರಿ. ಆದರೆ ಕಾರಿಗೆ ವಯಸ್ಸಾಗುವುದು ಬೇರೆ, ಇಂಜಿನ್ ಸವೆಯುವುದು ಬೇರೆ. ಇಪ್ಪತ್ತು ವರ್ಷ ಹಳೆಯದಾದರೂ ಹೊತ್ತಿಗೆ ಸರಿಯಾಗಿ ಆಯಿಲ್ ಬದಲಾಯಿಸಿದ ಇಂಜಿನ್ ಒಳಗೆ ಗಟ್ಟಿಮುಟ್ಟಾಗಿರಬಹುದು. ಎಂಟೇ ವರ್ಷದ ಟ್ಯಾಕ್ಸಿ ಇಂಜಿನ್ ಗಡಗಡ ಅನ್ನುತ್ತಿರಬಹುದು. ಇಸವಿ ನೋಡಿ ಆಯಿಲ್ ಹೇಳುವವರ ಮಾತು ನಾನು ಕೇಳುವುದಿಲ್ಲ.

ಹಾಗಾದರೆ ಏನು ನೋಡಬೇಕು? ಮೊದಲು ಹೊಗೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ಒಂದು ಸಲ ನೀಲಿ ಹೊಗೆ ಬಂದು ನಿಂತರೆ ಅದು ಹೆಚ್ಚಾಗಿ ವಾಲ್ವ್ ಸೀಲ್. ಆ ರಬ್ಬರ್ ವಯಸ್ಸಾದಂತೆ ಗಟ್ಟಿಯಾಗುತ್ತದೆ, ರಾತ್ರಿಯೆಲ್ಲಾ ಆಯಿಲ್ ಹನಿಹನಿಯಾಗಿ ಒಳಗೆ ಇಳಿಯುತ್ತದೆ. ಆಕ್ಸಿಲರೇಟರ್ ಒತ್ತಿದಾಗಲೆಲ್ಲಾ ನೀಲಿ ಹೊಗೆ ಬಂದರೆ ಪಿಸ್ಟನ್ ರಿಂಗ್ ಕಡೆ ಅನುಮಾನ ಪಡಬೇಕು. ಕಪ್ಪು ಹೊಗೆ ಪೆಟ್ರೋಲ್ ಜಾಸ್ತಿ ಹೋಗುತ್ತಿರುವುದಕ್ಕೆ, ಆಯಿಲ್‌ಗೂ ಅದಕ್ಕೂ ಸಂಬಂಧ ಇಲ್ಲ. ಇಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟ್ ಒಳಗೆ ಸೋರುತ್ತಿರಬಹುದು. ಆಗ ಯಾವ ಆಯಿಲ್ ಹಾಕಿದರೂ ಪ್ರಯೋಜನ ಇಲ್ಲ.

ಎರಡನೆಯದು ಆಯಿಲ್ ಪ್ರೆಶರ್ ದೀಪ. ಹೈವೇಯಲ್ಲಿ ಓಡಿ ಬಂದು, ಇಂಜಿನ್ ಚೆನ್ನಾಗಿ ಕಾದಿರುವಾಗ, ಐಡಲ್‌ನಲ್ಲಿ (ಗಾಡಿ ನಿಂತು ಇಂಜಿನ್ ಮಾತ್ರ ಓಡುವಾಗ) ಆ ಕೆಂಪು ದೀಪ ಮಿನುಗಿದರೆ ಅದು ಗಂಭೀರ. ಮೊದಲು ಆಯಿಲ್ ಮಟ್ಟ ನೋಡಿ. ಅದು ಸರಿ ಇದ್ದರೆ ಮೀಟರ್ ಹಾಕಿ ಪ್ರೆಶರ್ ಅಳೆಸಿ. ದಪ್ಪ ಆಯಿಲ್ ಹಾಕಿ ದೀಪ ಆರಿಸುವುದು ಆಮೇಲಿನ ಮಾತು. ಮೂರನೆಯದು, ಸಾವಿರ ಕಿಲೋಮೀಟರಿಗೆ ಎಷ್ಟು ಆಯಿಲ್ ಕಡಿಮೆಯಾಗುತ್ತಿದೆ ಅನ್ನುವುದು. ಇದಕ್ಕೆ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಬಿಟ್ಟರೆ ಬೇರೆ ದಾರಿ ಇಲ್ಲ.

ನಮ್ಮ ಗಾಡಿಯಲ್ಲಿ ದೀಪದ ಸಮಸ್ಯೆ ಇರಲಿಲ್ಲ. ಬೆಳಗಿನ ಹೊಗೆ ಸ್ವಲ್ಪ ಇತ್ತು, ಈಗಲೂ ಇದೆ. ಟ್ಯಾಪೆಟ್ ಕವರ್ (ಇಂಜಿನ್ ಮೇಲೆ ವಾಲ್ವ್ ಭಾಗಗಳ ಮುಚ್ಚಳ) ಪ್ಯಾಕಿಂಗ್‌ನಿಂದ ಆಯಿಲ್ ಜಿನುಗುತ್ತಿತ್ತು, ಅದನ್ನು ಬದಲಾಯಿಸಿದೆ. ಒಟ್ಟಿನಲ್ಲಿ ಆರೋಗ್ಯವಾಗಿದ್ದ ಇಂಜಿನ್. ಇಂಥದ್ದಕ್ಕೆ 20ಡಬ್ಲ್ಯು-50 ಯಾಕೆ ಬೇಕು ಅನ್ನುವ ಪ್ರಶ್ನೆಯಿಂದಲೇ ನಾನು ಗ್ರೇಡ್ ಬದಲಾಯಿಸಿದ್ದು.

ಈ ನಂಬರ್‌ಗಳ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಕೊನೆಯ ನಂಬರ್, ಅಂದರೆ 40 ಅಥವಾ 50, ಆಯಿಲ್ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಷ್ಟು ದಪ್ಪ ಇರುತ್ತದೆ ಅನ್ನುವುದು. 40 ಅಂದರೆ 12.5ರಿಂದ 16.3 ಸೆಂಟಿಸ್ಟೋಕ್‌ನೊಳಗೆ (ಇದು ದ್ರವದ ದಪ್ಪ ಅಳೆಯುವ ಮಾನ). 50 ಅಂದರೆ 16.3ರಿಂದ 21.9ರೊಳಗೆ. ಡಬ್ಲ್ಯು ಜೊತೆಗಿರುವ ಮೊದಲ ನಂಬರ್ ಚಳಿಯದು. 20ಡಬ್ಲ್ಯು ಆಯಿಲನ್ನು ಮೈನಸ್ 15 ಡಿಗ್ರಿಯಲ್ಲಿ, 10ಡಬ್ಲ್ಯುವನ್ನು ಮೈನಸ್ 25ರಲ್ಲಿ ಪರೀಕ್ಷೆ ಮಾಡುತ್ತಾರೆ. "ದಾವಣಗೆರೆಯಲ್ಲಿ ಮೈನಸ್ ಎಲ್ಲಿಂದ ಬರಬೇಕ್ರಿ" ಅಂತ ಅಂಗಡಿಯವರು ನಗುತ್ತಾರೆ. ನಿಜ. ಆದರೆ ನಮಗೆ ಬೇಕಾಗಿರುವುದು ಮೈನಸ್ ಅಲ್ಲ, ಡಿಸೆಂಬರ್ ಬೆಳಗಿನ ಹದಿನೈದು ಡಿಗ್ರಿ. ಆ ಹೊತ್ತಿನಲ್ಲೂ 20ಡಬ್ಲ್ಯು-50 ಸಾಮಾನ್ಯವಾಗಿ 10ಡಬ್ಲ್ಯು-40ಗಿಂತ ಒಂದೂವರೆ ಪಟ್ಟಿಗೂ ಜಾಸ್ತಿ ದಪ್ಪ ಇರುತ್ತದೆ. ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಬಾಟಲಿ ಬಗ್ಗಿಸಿದರೆ ಹೇಗೆ ತಡೆದು ತಡೆದು ಇಳಿಯುತ್ತದೆ, ನೋಡಿದ್ದೀರಲ್ಲ? ದಪ್ಪ ಆಯಿಲ್ ಇಂಜಿನ್ ಮೇಲ್ಭಾಗದ ಕ್ಯಾಮ್‌ಶಾಫ್ಟ್ (ವಾಲ್ವ್‌ಗಳನ್ನು ತೆರೆಯುವ ದಂಡ) ತಲುಪುವುದೂ ಹಾಗೇ ನಿಧಾನ. ಇಂಜಿನ್ ಹೆಚ್ಚು ಸವೆಯುವುದು ಸ್ಟಾರ್ಟ್ ಆದ ಮೊದಲ ಹೊತ್ತಿನಲ್ಲೇ.

ಬದಲಾಯಿಸಿದ ಮೇಲೆ ನನಗೆ ಕಂಡಿದ್ದು ಇಷ್ಟು. ಬೆಳಿಗ್ಗೆ ಸ್ಟಾರ್ಟ್ ಸಲೀಸಾಯಿತು. ಬ್ಯಾಟರಿ ಸ್ವಲ್ಪ ಹಳೆಯದಾಗಿದ್ದರೂ ಇಂಜಿನ್ ಚುರುಕಾಗಿ ತಿರುಗುತ್ತದೆ.  ಮೈಲೇಜ್ ಬಗ್ಗೆ ಏನೂ ಹೇಳಲಾರೆ. ಟೈರಿನ ಗಾಳಿ, ಎ.ಸಿ., ಊರಿನ ಟ್ರಾಫಿಕ್ ಇದರ ನಡುವೆ ಆಯಿಲ್‌ನಿಂದ ಎಷ್ಟು ಬಂತು ಅಂತ ಲೆಕ್ಕ ಹಾಕುವುದು ಸುಮ್ನೆ. ಎರಡು ಕಿಲೋಮೀಟರ್ ಜಾಸ್ತಿ ಬಂತು ಅನ್ನುವವರನ್ನು ನಂಬಬೇಡಿ.

ಇಷ್ಟವಾಗದ ಸಂಗತಿಗಳೂ ಇವೆ. ಏಪ್ರಿಲ್-ಮೇ ಬಿಸಿಲಲ್ಲಿ, 38-39 ಡಿಗ್ರಿ ಇರುವಾಗ, ಚಿತ್ರದುರ್ಗಕ್ಕೋ ಹಿರಿಯೂರಿಗೋ ಎ.ಸಿ. ಹಾಕಿಕೊಂಡು ಹೋಗಿ ಬಂದರೆ ಐಡಲ್‌ನಲ್ಲಿ ಟ್ಯಾಪೆಟ್ ಸದ್ದು ಮೊದಲಿಗಿಂತ ಸ್ವಲ್ಪ ಜಾಸ್ತಿ ಕೇಳುತ್ತದೆ. 20ಡಬ್ಲ್ಯು-50ಯಲ್ಲಿ ಇಂಜಿನ್ ಇದಕ್ಕಿಂತ ಮೆತ್ತಗೆ ಕೇಳಿಸುತ್ತಿತ್ತು. ಸದ್ದು ಕಡಿಮೆ ಅಂದ ಮಾತ್ರಕ್ಕೆ ಸವೆತ ಕಡಿಮೆ ಅಂತಲ್ಲ, ಆದರೂ ಕಿವಿಗೆ ಅದು ಹಿತ. ಇನ್ನೊಂದು, ಆಯಿಲ್ ಖರ್ಚು ಒಂದಿಷ್ಟು ಹೆಚ್ಚಿದೆ. ಎರಡು ಬದಲಾವಣೆಗಳ ನಡುವೆ ಸ್ವಲ್ಪ ಟಾಪ್ ಅಪ್ ಬೇಕಾಗುತ್ತದೆ. ಡಿಕ್ಕಿಯಲ್ಲಿ ಅದೇ ಗ್ರೇಡಿನ ಒಂದು ಲೀಟರ್ ಡಬ್ಬ ಇಟ್ಟಿರುತ್ತೇನೆ. ಬೆಲೆಯೂ ಮಿನರಲ್ ಆಯಿಲ್‌ಗಿಂತ ಜಾಸ್ತಿ.

ಹಾಕಿದ ಸ್ವಲ್ಪ ದಿನಕ್ಕೇ ಕಪ್ಪಾಯಿತು ಅಂತ ಕೆಲವರು ದೂರುತ್ತಾರೆ. ಅದು ದೋಷವೇ ಅಲ್ಲ. ಒಳಗಿನ ಮಸಿಯನ್ನು ತೊಳೆದು ಹಿಡಿದಿಟ್ಟುಕೊಳ್ಳುವ ಡಿಟರ್ಜೆಂಟ್ ಆಯಿಲ್‌ನಲ್ಲೇ ಇರುತ್ತದೆ. ಹಳೆ ಇಂಜಿನ್‌ನಲ್ಲಿ ತೊಳೆಯುವುದಕ್ಕೆ ಬೇಕಾದಷ್ಟು ಇರುತ್ತದಲ್ವಾ.

ಫುಲ್ ಸಿಂಥೆಟಿಕ್ ಯಾಕೆ ಬೇಡ? ಹಾಕಬಾರದು ಅಂತೇನೂ ಇಲ್ಲ. ಸಿಂಥೆಟಿಕ್ ಹಾಕಿದರೆ ಹಳೆ ಇಂಜಿನ್ ಸೋರುತ್ತದೆ ಅನ್ನುವ ಮಾತು ಈಗಿನ ಆಯಿಲ್‌ಗಳಿಗೆ ಅಷ್ಟಾಗಿ ಅನ್ವಯಿಸುವುದಿಲ್ಲ. ಸೀಲ್ ಮೊದಲೇ ಹಾಳಾಗಿ, ಜಿಡ್ಡು ಕಟ್ಟಿ ಮುಚ್ಚಿಕೊಂಡಿದ್ದರೆ, ಆ ಜಿಡ್ಡು ತೊಳೆದು ಹೋದಾಗ ಸೋರಿಕೆ ಕಣ್ಣಿಗೆ ಬೀಳುತ್ತದೆ, ಅಷ್ಟೇ. ನನ್ನ ಲೆಕ್ಕ ಬೇರೆ. ನಮ್ಮ ಗಾಡಿ ಹೆಚ್ಚು ಓಡುವುದೇ ಊರೊಳಗೆ. ವಿದ್ಯಾನಗರದಿಂದ ಮಂಡಿಪೇಟೆ, ಅಲ್ಲಿಂದ ಮನೆ. ನಡುವೆ ರೈಲ್ವೆ ಗೇಟ್ ಬಿದ್ದರೆ ಇನ್ನಷ್ಟು ಐಡಲ್. ಇಂಜಿನ್ ಪೂರ್ತಿ ಬಿಸಿಯಾಗುವುದರೊಳಗೆ ಆಫ್. ಹೀಗಾದಾಗ ಸರಿಯಾಗಿ ಸುಡದ ಪೆಟ್ರೋಲ್ ರಿಂಗ್ ದಾಟಿ ಆಯಿಲ್‌ಗೆ ಸೇರುತ್ತದೆ, ಒಳಗಿನ ತೇವವೂ ಆರುವುದಿಲ್ಲ. ಆಯಿಲ್ ಮುಚ್ಚಳದ ಒಳಗೆ ಕೆಲವೊಮ್ಮೆ ಬೆಳ್ಳಗೆ ನೊರೆ ಕಾಣುವುದು ಇದಕ್ಕೇ. ಈಗ ಬಂಕ್‌ನಲ್ಲಿ ಸಿಗುವುದು ಎಥನಾಲ್ ಬೆರೆಸಿದ ಇ20 ಪೆಟ್ರೋಲ್, ಎಥನಾಲ್‌ಗೆ ನೀರು ಹೀರುವ ಗುಣ ಬೇರೆ. ಇಂಥ ಓಡಾಟದಲ್ಲಿ ಎಷ್ಟು ದುಬಾರಿ ಆಯಿಲ್ ಆದರೂ ಬೇಗ ತೆಗೆಯಬೇಕು. ಬೇಗ ತೆಗೆಯುವುದಾದರೆ ದುಬಾರಿಯದು ಯಾಕೆ? ಡಬ್ಬದ ಮೇಲೆ 10,000 ಕಿಲೋಮೀಟರ್ ಅಂತ ಇದ್ದರೂ ನಾನು 6,000ಕ್ಕೆ ಅಥವಾ ವರ್ಷಕ್ಕೆ, ಯಾವುದು ಮೊದಲೋ ಆಗ ತೆಗೆಸುತ್ತೇನೆ. ವಾರಕ್ಕೊಮ್ಮೆ ಹರಿಹರದ ತನಕ ಒಂದೇ ಓಟ ಓಡಿಸಿ ಬಂದರೆ ಆ ನೊರೆಯೂ ಕಡಿಮೆಯಾಗುತ್ತದೆ.

ಎಪಿಐ ದರ್ಜೆ ನೋಡುವುದು ಸುಲಭ. ಎಸ್ ಅಕ್ಷರ ಪೆಟ್ರೋಲ್‌ಗೆ, ಸಿ ಡೀಸೆಲ್‌ಗೆ. ಎಸ್ಎಲ್ 2001ರದು, ಎಸ್ಎಂ 2004ರದು, ಎಸ್ಎನ್ 2010ರದು, ಎಸ್‌ಪಿ 2020ರದು. ಹೊಸ ದರ್ಜೆ ಹಳೆಯದರ ಜಾಗದಲ್ಲಿ ನಡೆಯುತ್ತದೆ. ಹೊಸ ಆಯಿಲ್‌ಗಳಲ್ಲಿ ಸವೆತ ತಡೆಯುವ ಸತು-ರಂಜಕದ ಅಂಶ ಕಡಿಮೆ ಮಾಡಿದ್ದಾರೆ, ಹಳೆ ಗಾಡಿಗೆ ಆಗಲ್ಲ ಅನ್ನುವವರಿದ್ದಾರೆ. ರಂಜಕ ಇಷ್ಟಕ್ಕಿಂತ ಹೆಚ್ಚಿರಬಾರದು ಅನ್ನುವ ಮಿತಿ ಇರುವುದು 5ಡಬ್ಲ್ಯು-30, 10ಡಬ್ಲ್ಯು-30 ತರಹದ ತೆಳು ಗ್ರೇಡ್‌ಗಳಿಗೆ. 10ಡಬ್ಲ್ಯು-40ಗೆ ಅದು ಅನ್ವಯಿಸುವುದಿಲ್ಲ.

ಆಯಿಲ್‌ಗಿಂತ ಫಿಲ್ಟರ್ ಬಗ್ಗೆ ನಾನು ಹೆಚ್ಚು ಹಟ ಹಿಡಿಯುತ್ತೇನೆ. ಇಂಜಿನ್ ಆಫ್ ಆದಾಗ ಫಿಲ್ಟರಿನೊಳಗಿನ ಆಯಿಲ್ ವಾಪಸ್ ಇಳಿಯದಂತೆ ತಡೆಯುವ ಒಂದು ರಬ್ಬರ್ ವಾಲ್ವ್ ಇರುತ್ತದೆ. ಅಗ್ಗದ ಫಿಲ್ಟರಿನಲ್ಲಿ ಅದು ಸರಿಯಾಗಿ ಹಿಡಿಯುವುದಿಲ್ಲ. ರಾತ್ರಿ ಎಲ್ಲಾ ಖಾಲಿಯಾಗಿ ಬೆಳಿಗ್ಗೆ ಎರಡು ಮೂರು ಸೆಕೆಂಡ್ ಕಟಕಟ ಅನ್ನುತ್ತದೆ. ಜನ ಆಯಿಲ್ ತೆಳ್ಳಗಾಯಿತು ಅಂತ ಬೈಯುತ್ತಾರೆ, ನಿಜವಾದ ಕಳ್ಳ ಮಾತ್ರ ಆ ಫಿಲ್ಟರ್. ಪ್ರತಿ ಸಲ ಆಯಿಲ್ ಜೊತೆ ಒರಿಜಿನಲ್ ಫಿಲ್ಟರ್, ಕೆಳಗಿನ ಡ್ರೈನ್ ಬೋಲ್ಟ್‌ಗೆ ಹೊಸ ವಾಷರ್. ಇದರಲ್ಲಿ ಉಳಿಸುವ ದುಡ್ಡು ಎರಡು ಪ್ಲೇಟ್ ಬೆಣ್ಣೆ ದೋಸೆಗೂ ಸಾಲದು.

ಅಳತೆ ವಿಷಯವೂ ಅಷ್ಟೇ. ಈ ಇಂಜಿನ್‌ಗೆ ಮೂರೂವರೆ ಲೀಟರಿನ ಆಸುಪಾಸು ಸಾಕು. ನಾಲ್ಕು ಲೀಟರ್ ಡಬ್ಬ ತಂದಿದ್ದೀರಿ ಅಂತ ಪೂರ್ತಿ ಸುರಿಯಲು ಬಿಡಬೇಡಿ. ಜಾಸ್ತಿಯಾದರೆ ಕೆಳಗೆ ತಿರುಗುವ ಕ್ರ್ಯಾಂಕ್ ದಂಡ ಆಯಿಲನ್ನು ಕಡೆದು ನೊರೆ ಮಾಡುತ್ತದೆ, ಸೀಲ್‌ಗಳ ಮೇಲೆ ಒತ್ತಡ ಬೀಳುತ್ತದೆ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು, ಡಿಪ್‌ಸ್ಟಿಕ್ ಒರೆಸಿ ಮತ್ತೆ ಹಾಕಿ ನೋಡಿ. ಎರಡು ಗುರುತಿನ ನಡುವೆ ಮೇಲ್ಭಾಗದಲ್ಲಿದ್ದರೆ ಸರಿ.

ಇನ್ನೊಂದು ನಮ್ಮ ಕಡೆಯ ರೋಗ, ರೇಡಿಯೇಟರ್‌ಗೆ ಬೋರ್ ನೀರು ಹಾಕುವುದು. ಗಡಸು ನೀರು, ಒಳಗೆ ಸುಣ್ಣದಂತೆ ಪದರ ಕಟ್ಟುತ್ತದೆ. ಇಂಜಿನ್ ಕಾಯುತ್ತದೆ, ಬಿಸಿಗೆ ಆಯಿಲ್ ತೆಳುವಾಗುತ್ತದೆ. ಆಮೇಲೆ ದಪ್ಪ ಆಯಿಲ್ ಹುಡುಕಿಕೊಂಡು ಹೋಗುತ್ತಾರೆ. ಮೊದಲು ಕೂಲೆಂಟ್ ಸರಿ ಮಾಡಿಸಿ.

ಯಾರಿಗೆ 10ಡಬ್ಲ್ಯು-40 ಬೇಡ? ದೀಪ ಮಿನುಗುತ್ತಿರುವ ಗಾಡಿಗೆ, ಸಾವಿರ ಕಿಲೋಮೀಟರಿಗೆ ಒಂದು ಲೀಟರಿಗೂ ಹೆಚ್ಚು ಆಯಿಲ್ ತಿನ್ನುವ ಗಾಡಿಗೆ. ಇಂಜಿನ್ ಬಿಚ್ಚಿಸುವ ತನಕ ಅಂಥವಕ್ಕೆ 20ಡಬ್ಲ್ಯು-50 ಹಾಕಿ ದಿನ ದೂಡಬಹುದು. ಹಳೆ ಕಾರು ಕೊಳ್ಳಲು ಹೋದವರೂ ಇದನ್ನು ನೆನಪಿಡಿ. ಮಾರುವ ಮೊದಲು ದಪ್ಪ ಆಯಿಲ್ ಹಾಕಿ ಹೊಗೆ, ಸದ್ದು ಮುಚ್ಚುವುದು ಹಳೇ ಚಾಳಿ. ತಣ್ಣಗಿರುವ ಇಂಜಿನನ್ನು ನೀವೇ ಸ್ಟಾರ್ಟ್ ಮಾಡಿ ನೋಡಿ. ನಿಮ್ಮ ಕಾರಿನ ಪುಸ್ತಕ 5ಡಬ್ಲ್ಯು-30 ಅಥವಾ ಅದಕ್ಕಿಂತ ತೆಳುವಾದದ್ದನ್ನೇ ಹೇಳಿದ್ದರೆ, ನನ್ನ ಮಾತು ಬಿಟ್ಟು ಪುಸ್ತಕದ ಮಾತು ಕೇಳಿ. ಉಳಿದ ಆಯಿಲನ್ನು ಬೈಕಿಗೆ ಸುರಿಯುವ ಆಸೆ ಬೇಡ. ಬೈಕಿನ ಕ್ಲಚ್ ಅದೇ ಆಯಿಲ್‌ನಲ್ಲಿ ಮುಳುಗಿರುತ್ತದೆ, ಕಾರಿನ ಆಯಿಲ್‌ನಲ್ಲಿ ಜಾರಬಹುದು. ಅದಕ್ಕೆ ಡಬ್ಬದ ಮೇಲೆ ಜಾಸೋ ಎಂಎ (ಬೈಕ್ ಆಯಿಲ್‌ನ ಗುರುತು) ಅಂತ ಬರೆದದ್ದೇ ಆಗಬೇಕು.

ಲೂಸ್ ಆಯಿಲ್ ಎಷ್ಟೇ ಅಗ್ಗವಾಗಲಿ, ತಗೊಳ್ಳಬೇಡಿ. ಸೀಲ್ ಇರುವ ಡಬ್ಬ ಕೊಂಡು, ಎದುರು ನಿಂತು ಒಡೆಸಿ ಹಾಕಿಸಿ. ತೆಗೆದ ಹಳೆ ಆಯಿಲನ್ನು ಚರಂಡಿಗೆ ಚೆಲ್ಲದೆ ಗ್ಯಾರೇಜಿನ ಡ್ರಮ್‌ಗೇ ಬಿಡಿ, ಅದನ್ನು ಕೊಳ್ಳುವವರಿದ್ದಾರೆ. ಖಾಲಿ ಡಬ್ಬವನ್ನು ಮಾತ್ರ ಹಾಗೇ ಬಿಟ್ಟು ಬರಬೇಡಿ. ಒಳ್ಳೆ ಡಬ್ಬ ಸಿಕ್ಕರೆ ಅದಕ್ಕೆ ಯಾವುದೋ ಆಯಿಲ್ ತುಂಬಿ ಮತ್ತೆ ಮಾರುವವರೂ ಇದ್ದಾರೆ. ನಾನು ಅಲ್ಲೇ ಸ್ಕ್ರೂಡ್ರೈವರ್ ಇಸಿದುಕೊಂಡು ತಳಕ್ಕೆ ತೂತು ಹೊಡೆದು ಬರುತ್ತೇನೆ. ಮೇಸ್ತ್ರಿ ಮುಖ ಸ್ವಲ್ಪ ಗಂಟಿಕ್ಕುತ್ತಾರೆ, ಇರಲಿ.