ನೂರು ಜನಕ್ಕೆ ಕಾಫಿ: ಪೇಪರ್ ಕಪ್ಪೋ, ಸ್ಟೀಲ್ ಲೋಟವೋ?

ಮನೆಯಲ್ಲಿ ನಾಮಕರಣ ಇದ್ದರೆ ಈ ಪ್ರಶ್ನೆ ಬಂದೇ ಬರುತ್ತದೆ.

ಪೇಪರ್ ಕಪ್ ತೊಳೆಯಬೇಕಿಲ್ಲ, ನಿಜ. ಆದರೆ ಬರೀ ಕಾಗದವಾದರೆ ಕಾಫಿ ಸೋರಬೇಕಿತ್ತು, ಅಲ್ವಾ? ಒಳಗಡೆ ಬೆರಳಲ್ಲಿ ಸವರಿ ನೋಡಿ, ನುಣ್ಣಗಿರುತ್ತದೆ. ಸಾಮಾನ್ಯವಾಗಿ ಅದು ತೆಳು ಪ್ಲಾಸ್ಟಿಕ್ ಪದರ. ಐಐಟಿ ಖರಗ್‌ಪುರದವರು 2020ರಲ್ಲಿ ಪರೀಕ್ಷಿಸಿದರು. ಇಂಥ ಕಪ್ಪಿನಲ್ಲಿ 100 ಎಂಎಲ್ ಬಿಸಿನೀರು 15 ನಿಮಿಷ ಇದ್ದರೆ ಸುಮಾರು 25,000 ಪ್ಲಾಸ್ಟಿಕ್ ಕಣಗಳು ಅದರಲ್ಲಿ ಸೇರುತ್ತವೆ. 2022ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಮನುಷ್ಯರ ರಕ್ತದಲ್ಲೂ ಪ್ಲಾಸ್ಟಿಕ್ ಕಣ ಸಿಕ್ಕಿತು. ಎಸೆದ ಕಪ್ಪಿನ ಕಾಗದ ಕೊಳೆತರೂ ಆ ಪದರ ಕೊಳೆಯುವುದಿಲ್ಲ, ಚೂರಾಗಿ ಮಣ್ಣಿಗೆ ಸೇರುತ್ತದೆ.

ಸ್ಟೀಲ್ ಲೋಟ ಕೈ ಸುಡುತ್ತದೆ, ತೊಳೆಯೋಕೆ ಇಬ್ಬರು ಜಾಸ್ತಿ ಬೇಕು. ಆದರೂ ನಾನು ಲೋಟವನ್ನೇ ಬಾಡಿಗೆಗೆ ತರಿಸುತ್ತೇನೆ. ಮಕ್ಕಳಿಗೆ ಬಿಸಿ ಹಾಲು ಕೊಡುವುದಿದ್ದರಂತೂ ಯೋಚನೆಯೇ ಬೇಡ.