ಚೇತಕ್‌ಗೆ ಬ್ಲೇಡ್: ಹೊಸ ಪ್ರಿಂಟೋ, ಹಳೇ ಡಬ್ಬಿಯೋ?

ಆಯುಧಪೂಜೆಗೆ ಶೆಲ್ಫಿನ ದೂಳು ಹೊಡೆಯುವಾಗ ನನ್ನ 1/72 ಅಳತೆಯ ನೌಕಾಪಡೆ ಚೇತಕ್ ಹೆಲಿಕಾಪ್ಟರ್ ಮಾದರಿಯ ಎರಡು ಬ್ಲೇಡ್ ಮುರಿದವು. ಬದಲಿಗೆ ಎರಡು ದಾರಿ ಇತ್ತು. ಒಂದು, ಆನ್‌ಲೈನಿನಲ್ಲಿ ಸಿಗುವ ತ್ರೀಡಿ ಪ್ರಿಂಟ್ ಸೆಟ್ಟು, 1,400 ರೂಪಾಯಿ. ಇನ್ನೊಂದು, ಯಾರೋ ಜೋಡಿಸಲು ಹೊರಟು ಅರ್ಧಕ್ಕೆ ಕೈಬಿಟ್ಟ ಅದೇ ಮಾದರಿಯ ಹಳೇ ಕಿಟ್ಟಿನ ಡಬ್ಬಿ, 600. ಬುದ್ಧಿಯಿಲ್ಲದೆ ಮೊದಲು ಪ್ರಿಂಟ್ ತರಿಸಿದೆ. ಡಬ್ಬಿಯೇ ವಾಸಿ ಅಂತ ಈಗಲೇ ಹೇಳಿಬಿಡುತ್ತೇನೆ.

ಚೇತಕ್ ಅಂದರೆ ಫ್ರಾನ್ಸಿನ ಅಲೂಯೆಟ್-3. ಬೆಂಗಳೂರಿನ ಎಚ್‌ಎಎಲ್ 1965ರಿಂದ ಇಲ್ಲೇ ಕಟ್ಟಿದರೂ ತವರಿನ ಗುಣ ಬಿಟ್ಟಿಲ್ಲ: ಮೇಲಿಂದ ನೋಡಿದರೆ ರೋಟರ್ (ಬ್ಲೇಡುಗಳ ಚಕ್ರ) ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ನೌಕಾಪಡೆಯದೇ ಇನ್ನೊಂದು ಹೆಲಿಕಾಪ್ಟರ್ ಸೀಕಿಂಗ್‌ನದು ಇದಕ್ಕೆ ಉಲ್ಟಾ. ಬ್ಲೇಡಿನ ದಪ್ಪ, ದುಂಡು ಅಂಚು ತಿರುಗುವ ದಿಕ್ಕಿಗಿರಬೇಕು, ತೆಳು ಅಂಚು ಹಿಂದಕ್ಕೆ. ನನಗೆ ಬಂದ ಸೆಟ್ಟು ಸೀಕಿಂಗ್ ಲೆಕ್ಕದಲ್ಲಿತ್ತು. ಅಂಟು ಹಾಕಿ, ಬಣ್ಣ ಬಳಿದು, ಒಣಗಿದ ಮೇಲೆ ಗೊತ್ತಾಯಿತು.

ಕಿತ್ತು ಮಗುಚಿ ಹಾಕಿದರಾಯಿತು ಅಂದುಕೊಂಡೆ. ದಪ್ಪ ಅಂಚೇನೋ ಸರಿಯಾದ ಕಡೆ ಬಂತು. ಆದರೆ ನಿಂತ ರೋಟರಿನ ಬ್ಲೇಡ್ ತನ್ನ ತೂಕಕ್ಕೆ ತುದಿಯಲ್ಲಿ ಕೆಳಗೆ ಬಾಗಿರುತ್ತದಲ್ಲ, ಪ್ರಿಂಟಿನಲ್ಲಿ ಆ ಬಾಗನ್ನೂ ಚೆನ್ನಾಗಿಯೇ ಕೊಟ್ಟಿದ್ದರು. ಮಗುಚಿದಾಗ ಅದು ಮೇಲಕ್ಕೆ ಹೋಯಿತು. ಮಳೆಗಾಳಿಗೆ ಸಿಕ್ಕಿ ಮಗುಚಿಕೊಂಡ ಕೊಡೆಯ ಹಾಗೆ ನಿಂತಿತು ನಮ್ಮ ಚೇತಕ್. ಬಿಸಿನೀರಲ್ಲಿ ಅದ್ದಿ ಬಗ್ಗಿಸಲು ಹೋದೆ, ಒಂದು ಪಟ್ ಅಂದಿತು. ಮಾರಿದವರಿಗೆ ಬರೆದರೆ, "ಶೆಲ್ಫ್ ಮೇಲಿರೋದನ್ನ ಯಾರು ನೋಡ್ತಾರೆ ಸರ್?" ಅಂದರು. ನಾನು ನೋಡ್ತೀನಲ್ಲ!

ಅಳತೆಯಲ್ಲಿ ಎರಡೂ ಸರಿ: ಅಸಲಿ ರೋಟರಿನ ಅಡ್ಡಗಲ 11.02 ಮೀಟರ್, ಇಲ್ಲಿ ಸುಮಾರು 15.3 ಸೆಂಟಿಮೀಟರ್.

ಎಂಜಿನ್ನಿನಲ್ಲಿ ಮಾತ್ರ ಪ್ರಿಂಟಿಗೆ ಪೂರ್ತಿ ಅಂಕ. ಚೇತಕ್‌ನ ಆರ್ಟೂಸ್ಟ್ ಎಂಜಿನ್ ಕ್ಯಾಬಿನ್ನಿನ ಹಿಂದೆ ಮುಚ್ಚಳವಿಲ್ಲದೆ ಬಯಲಲ್ಲೇ ಕೂತಿರುತ್ತದೆ; ಪ್ರಿಂಟಿನಲ್ಲಿ ಅದರ ಪೈಪುಗಳನ್ನು ಎಣಿಸಬಹುದು. ಹಳೇ ಕಿಟ್ಟಿನದು ಬೆಲ್ಲದ ಉಂಡೆ. ಗಾಜು ಹಳೇ ಡಬ್ಬಿಯಲ್ಲಿ ಹಳದಿ ತಿರುಗಿತ್ತು, ನನಗೆ ಬೇಕಿರಲಿಲ್ಲ.

ಹಿನ್ನೆಲೆಗೆ ಸೆಟ್ಟಿನ ಜೊತೆ ಹಡಗಿನ ಡೆಕ್ಕಿನ ಮುದ್ರಿತ ಹಾಳೆ ಕೊಟ್ಟಿದ್ದರು. ಲೈಟು ಬಿದ್ದರೆ ಮದುವೆ ಆಲ್ಬಮ್ಮಿನಂತೆ ಮಿರಮಿರ. ಅಸಲಿ ಡೆಕ್ಕು ಕಾಲು ಜಾರದಂತೆ ಒರಟಾಗಿರುತ್ತದೆ. ಹಾರ್ಡ್‌ವೇರ್ ಅಂಗಡಿಯಿಂದ ತೀರಾ ನಯದ ಉಪ್ಪುಕಾಗದ ತಂದು, ಬೂದು ಬಣ್ಣ ಹೊಡೆದು, ಬಿಳಿ ಗೆರೆ ಎಳೆದೆ. ವಿಮಾನವಾಹಕ ಹಡಗು ಹಳೇ ವಿಕ್ರಾಂತ್‌ನಿಂದ ವಿಮಾನಗಳು ಏರಿಳಿಯುವಾಗ, ಯಾರಾದರೂ ನೀರಿಗೆ ಬಿದ್ದರೆ ಎತ್ತಲು ಪಕ್ಕದಲ್ಲೇ ಹಾರುತ್ತ ಕಾಯುತ್ತಿದ್ದುದು ಇದೇ ಚೇತಕ್. ಆ ಕೆಲಸ ಮುಗಿಸಿ ಈಗಷ್ಟೇ ಇಳಿದಂತೆ ಕೂರಿಸಿದ್ದೇನೆ.

ದುಡ್ಡಿದ್ದು, ಎಂಜಿನ್ನೇ ಮುಖ್ಯ ಅನ್ನುವವರು ಪ್ರಿಂಟ್ ತೊಗೊಳ್ಳಿ, ಬ್ಲೇಡಿನ ಅಂಚು ನೋಡಿ ಅಂಟು ಹಾಕಿ. ತಿಂಗಳಿಗೆ ಸಾವಿರ ರೂಪಾಯಿ ದಾಟಬಾರದು ಅಂತ ಮನೆಯಲ್ಲಿ ಒಪ್ಪಂದವಾಗಿರುವ ನನ್ನಂಥವನಿಗೆ ಡಬ್ಬಿಯೇ. ಅದೇ ಅಚ್ಚು, ಅದೇ ದಿಕ್ಕು, ಐದು ನಿಮಿಷದಲ್ಲಿ ಕೂತಿತು. ಮೂರರಲ್ಲಿ ಎರಡು ಬ್ಲೇಡ್ ಬಳಕೆಯಾದವು. ಮೂರನೆಯದನ್ನು ಮುಂದಿನ ಆಯುಧಪೂಜೆಗೆ ಎತ್ತಿಟ್ಟಿದ್ದೇನೆ.